ನಶ್ಯದ ಡಬ್ಬಿ ಎಂದು ಬರೆದ ಕಾರ್ಡು

ಕೆನಡಾದಲ್ಲಿ ಬರ್ಲಿಂಗ್ಟನ್ನಿನ ಆಚೆಗಿನ ಒಂದು ಸಣ್ಣ ಊರಿನ ಮ್ಯೂಸಿಯಂನಲ್ಲಿ ನಾನು ಎರಡು ವರ್ಷ ಸಂಬಳವಿಲ್ಲದೆ ಕೆಲಸ ಮಾಡಿದೆ. 2016ರಲ್ಲಿ ಶುರುವಾದದ್ದು. ಧಾರವಾಡದಲ್ಲಿ ಹತ್ತು ವರ್ಷ ಇತಿಹಾಸ ಕಲಿಸಿದವಳಿಗೆ ಈ ದೇಶದಲ್ಲಿ ಯಾರೂ ಕೆಲಸ ಕೊಟ್ಟಿರಲಿಲ್ಲ. ಎರಿನ್ ಮಿಲ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಕೂತು ಎಲ್ಲರ ಮೇಲೂ ಹರಿಹಾಯುವುದಕ್ಕಿಂತ ಇದು ವಾಸಿ ಎಂದು ಗಂಡನೇ ಪ್ರತಿ ಮಂಗಳವಾರ ಕಾರಿನಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತಿದ್ದ.

ಅಲ್ಲಿ ನನ್ನ ಕೆಲಸ ವಸ್ತುಗಳ ವಿವರ ಬರೆದ ಹಳೆಯ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವುದು. ವಸ್ತುಗಳಲ್ಲಿ ಮುಕ್ಕಾಲು ಪಾಲು ಆ ಊರಿನ ಗಿರಣಿ ಮಾಲೀಕನ ಮಗಳೊಬ್ಬಳದು. ಹತ್ತೊಂಬತ್ತನೇ ಶತಮಾನದಲ್ಲಿ ಹಡಗು ಹತ್ತಿ ಲೋಕ ಸುತ್ತಿ ಬಂದವಳು. ತಂದದ್ದನ್ನೆಲ್ಲ ಎರಡು ಟ್ರಂಕುಗಳಲ್ಲಿ ಕಾಪಾಡಿ ಸಾಯುವಾಗ ಊರಿಗೆ ಬರೆದುಕೊಟ್ಟಿದ್ದಳು. ಜಪಾನಿನ ಬೀಸಣಿಗೆ, ಈಜಿಪ್ಟಿನ ಗೋರಿಯೊಂದರ ಮಣಿಸರ, ಆಗ್ರಾದ ಅಮೃತಶಿಲೆಯ ಚೂರು. ಎಲ್ಲದಕ್ಕೂ ಅವಳ ಕೈಬರಹದ ಚೀಟಿ. ಆ ಚೂರನ್ನು ಯಾವ ಗೋಡೆಯಿಂದ, ಯಾರನ್ನು ಕೇಳಿ ತೆಗೆದಳೋ ಅದು ಮಾತ್ರ ಚೀಟಿಯಲ್ಲಿರಲಿಲ್ಲ. ಹೋದಲ್ಲೆಲ್ಲ ಏನಾದರೂ ಕಿತ್ತುಕೊಂಡೇ ಬರಬೇಕೇ ಈ ಜನ ಎಂದು ಬೈಯುತ್ತಲೇ ಟೈಪ್ ಮಾಡುತ್ತಿದ್ದೆ.

ಒಂದು ಮಂಗಳವಾರ ಸಿಕ್ಕ ಕಾರ್ಡಿನಲ್ಲಿ, ಬೆಳ್ಳಿಯ ನಶ್ಯದ ಡಬ್ಬಿ, ಭಾರತ, ಒಳಗೆ ಕಪ್ಪು ಕಲ್ಲು ಎಂದಿತ್ತು. ಪೆಟ್ಟಿಗೆ ತೆರೆದರೆ ಮೊಟ್ಟೆಯಷ್ಟು ದೊಡ್ಡ ದುಂಡನೆಯ ಬೆಳ್ಳಿ ಕರಡಿಗೆ, ದಾರ ಪೋಣಿಸಲು ಎರಡೂ ಬದಿಗೆ ಕಿವಿ. ನಶ್ಯದ ಡಬ್ಬಿಯಂತೆ, ಇವರ ತಲೆ. ಅದು ನಮ್ಮ ಕಡೆಯ ಗುಂಡಗಡಗಿ. ಒಳಗಿದ್ದದ್ದು ಲಿಂಗ. ಹುಟ್ಟಿದ ಮಗುವಿಗೆ ಲಿಂಗ ಕಟ್ಟುತ್ತೇವೆ. ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿಟ್ಟು ಪೂಜಿಸಿ ಮತ್ತೆ ಗಡಗಿಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತೇವೆ. ಇದ್ದಷ್ಟು ದಿನ ಅದು ಮೈಮೇಲಿರಬೇಕು, ಸತ್ತ ಮೇಲೆ ಕಟ್ಟಿಕೊಂಡವರ ಜೊತೆಗೇ ಮಣ್ಣಿಗೆ ಹೋಗಬೇಕು. ನನ್ನದು ಮದುವೆಯಾದ ಮೇಲೆ ಕಪಾಟು ಸೇರಿತ್ತು, ಆ ಮಾತು ಬೇರೆ.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಹೆಂಗಸಿನ ಬಳಿ ಓಡಿದೆ. ಆಕೆ ಕುರ್ಚಿ ಎಳೆದುಕೊಂಡು ಪೂರ್ತಿ ಒಂದು ತಾಸು ಕೇಳಿದರು, ಟಿಪ್ಪಣಿ ಬರೆದುಕೊಂಡರು. ಕೆನಡಾಕ್ಕೆ ಬಂದ ಮೇಲೆ ನನ್ನ ಮಾತನ್ನು ಯಾರಾದರೂ ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಎಲ್ಲವನ್ನೂ ಹೇಳಿದೆ, ಮಣ್ಣಿನ ಮಾತೊಂದನ್ನು ಬಿಟ್ಟು. ಮರೆತಿರಲಿಲ್ಲ. ಹೇಳಿದರೆ, ಹಾಗಾದರೆ ಇದು ಇಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆ ಏಳುತ್ತಿತ್ತು, ವಸ್ತು ಮತ್ತೆ ಪೆಟ್ಟಿಗೆ ಸೇರುತ್ತಿತ್ತು. ಅದಕ್ಕೇ ನುಂಗಿಕೊಂಡೆ.

ತಿಂಗಳೊಪ್ಪತ್ತಿನಲ್ಲಿ ಅದಕ್ಕೊಂದು ಗಾಜಿನ ಕಪಾಟು ಬಂತು. ತೆರೆದ ಗಡಗಿ, ಪಕ್ಕದಲ್ಲಿ ಬಿಳಿ ಬಟ್ಟೆಯ ಮೇಲೆ ಲಿಂಗ, ಮೇಲೊಂದು ದೀಪ, ಗೋಡೆಗೆ ನಾನು ಬರೆದ ಎರಡು ಪ್ಯಾರಾ. ಅತ್ತೆಯನ್ನು ಕರೆದುಕೊಂಡು ಹೋದೆ. ಮಾವ ತೀರಿಕೊಂಡ ಮೇಲೆ ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆಗೇ ಇದ್ದರು.

"ನೋಡ್ರಿ ಅತ್ತಿ, ಇದನ್ನ ಬರದಾಕಿ ನಾನ."

ಅತ್ತೆ ಕೈಮುಗಿದರು. ಆಮೇಲೆ ಗೋಡೆಯ ಮೇಲಿದ್ದದ್ದನ್ನು ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡರು.

"ಇದನ್ನ ಕಟ್ಟಿಕೊಂಡಿದ್ದವ್ರು ಎಲ್ಲಿ ಅದಾರ?"

"ಅವ್ರು ಸತ್ತು ನೂರು ವರ್ಷದ ಮ್ಯಾಲಾತ್ರಿ."

"ಸತ್ತಾರನ್ನೋದು ಗೊತ್ತೈತಿ ತಗಿ. ಲಿಂಗ ಇಲ್ದ ಬರೇ ಎದಿಲೆ ಕಳಿಸ್ಯಾರಲ್ಲ ಅವ್ರನ್ನ. ಅದನ್ಯಾಕ ಬರದಿಲ್ಲ ನೀ?"

ಅತ್ತೆಯೊಡನೆ ಆಫೀಸಿಗೆ ಹೋಗಿ, ಮುಚ್ಚಿಟ್ಟಿದ್ದನ್ನು ಮ್ಯೂಸಿಯಂನ ಆ ಹೆಂಗಸಿಗೆ ಹೇಳಿದೆ. ಆಕೆ ಫೈಲಿನಿಂದ ಗಿರಣಿ ಮಾಲೀಕನ ಮಗಳ ಮೂಲ ಚೀಟಿ ತೆಗೆದರು. ಬೆಳಗಾವಿಯಲ್ಲಿ ನಮ್ಮ ಅಡುಗೆಯವನದು, ಅವನಿಗೆ ಇನ್ನು ಇದರ ಅಗತ್ಯವಿಲ್ಲ ಎಂದಿತ್ತು. ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಅಗತ್ಯ ಇಲ್ಲಂತ ಯಾರು ಹೇಳಿದ್ರಂತ, ಅಂವನ?" ಎಂದು ಅತ್ತೆ ಕೇಳಿದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಲಿಲ್ಲ.

ಯಾರಿಗೂ ಕೊಟ್ಟುಬಿಡಲು ನಿಯಮದಲ್ಲಿ ಅವಕಾಶವಿಲ್ಲ, ಆದರೆ ಪ್ರದರ್ಶನದಿಂದ ತೆಗೆದು ಮುಚ್ಚಿಡಬಹುದು ಎಂದರು ಆಕೆ. ಅತ್ತೆ ಆಕೆ ಕೊಟ್ಟ ನೀಲಿ ಗ್ಲೌಸು ಬೇಡವೆಂದು, ಕೈತೊಳೆದು ಬಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಗಡಗಿಯಲ್ಲಿಟ್ಟು ಮುಚ್ಚಿದರು. ನನ್ನ ಎರಡು ಪ್ಯಾರಾ ಗೋಡೆಯಿಂದ ಇಳಿದವು. ಕಾರ್ಡಿನಲ್ಲಿ ಒಂದೇ ಸಾಲು ಬರೆದೆ: ಇದು ತನ್ನವರ ಜೊತೆ ಮಣ್ಣಿಗೆ ಹೋಗಬೇಕಾಗಿತ್ತು.

ಸಂಜೆ ಕಾರಿನಿಂದಿಳಿಯುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. "ನಂದು ಹಿಂಗ ಆಗಬಾರದು ನೋಡು. ನಂದು ನನ್ನ ಕೂಡನ ಬರಬೇಕು. ಸುಡಬ್ಯಾಡ್ರಿ, ಮಣ್ಣು ಮಾಡ್ರಿ. ನಿನ್ನ ಗಂಡ ಮರೀತಾನ, ನೀ ಮರೀಬ್ಯಾಡ."

"ಆತ್ರಿ" ಎಂದೆ.

2019ರ ಚಳಿಗಾಲದಲ್ಲಿ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹೂಳಲು ಜಾಗ ಗೊತ್ತುಮಾಡಿದ್ದೆವು. ಅಂತ್ಯಸಂಸ್ಕಾರದ ಏರ್ಪಾಡು ಮಾಡುವ ಫ್ಯೂನರಲ್ ಹೋಮಿನಲ್ಲಿ ಗಂಡ ಒಳಗೆ ಕೂತು ಕಾಗದಗಳಿಗೆ ಸಹಿ ಹಾಕುತ್ತಿದ್ದಾಗ, ಅಲ್ಲಿನ ಕಪ್ಪು ಸೂಟಿನವನೊಬ್ಬ ಬಂದು ನನ್ನ ಕೈಗೆ ಸಣ್ಣ ಮಖಮಲ್ ಚೀಲ ಕೊಟ್ಟ. ಮನೆಯವರು ನೆನಪಿಗೆ ಇಟ್ಟುಕೊಳ್ಳಲಿ ಎಂದು ತೆಗೆದಿಟ್ಟಿದ್ದೇವೆ ಎಂದ. ಒಳಗೆ ಅತ್ತೆಯ ಗುಂಡಗಡಗಿ. ದಾರವನ್ನು ಕತ್ತರಿಸದೆ, ಅಂದವಾಗಿ ಸುತ್ತಿಟ್ಟಿದ್ದರು. ಮ್ಯೂಸಿಯಂನಲ್ಲಿ ನಾವೂ ಇಷ್ಟೇ ಜೋಪಾನವಾಗಿ ಇಡುತ್ತಿದ್ದೆವು.

ಸುಳ್ಳು ಯಾಕೆ ಹೇಳಲಿ, ನನಗೆ ಅದು ಬೇಕೆನಿಸಿತು. ದಾರದಲ್ಲಿ ಅವರ ವಿಭೂತಿಯ ವಾಸನೆ ಇನ್ನೂ ಇತ್ತು. ಇಲ್ಲಿಯೇ ಹುಟ್ಟಿದ ಮಗಳಿಗೆ ಅಜ್ಜಿಯದು ಅಂತ ತೋರಿಸಲು ಒಂದಾದರೂ ಇರಲಿ, ಹೆಪ್ಪುಗಟ್ಟಿದ ನೆಲದೊಳಗೆ ಹಾಕಿ ಯಾರಿಗೇನು ಬಂತು, ಗಂಡನಿಗಂತೂ ಗೊತ್ತಾಗುವುದಿಲ್ಲ. ಕಾರಣಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಚೀಲವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಬಾಗಿಲವರೆಗೆ ಹೋದೆ. ಗಿರಣಿ ಮಾಲೀಕನ ಮಗಳೂ ಹೀಗೆಯೇ, ಕಳ್ಳತನ ಅನ್ನಿಸದೆಯೇ ಜೇಬಿಗೆ ಹಾಕಿಕೊಂಡಿರಬೇಕು. ಎರಡು ವರ್ಷ ಅವಳನ್ನು ಬೈದಿದ್ದೆ.

ಹಿಂದಿರುಗಿ, ಇದು ಅವರ ಜೊತೆ ಹೋಗಬೇಕು ಎಂದೆ. ಆತ ಅತ್ತೆಯನ್ನು ಮಲಗಿಸಿದ್ದ ಕೋಣೆ ತೆರೆದ. ಗಡಗಿಯನ್ನು ಅವರ ಕೊರಳಿಗೆ ಹಾಕಿ, ಲಿಂಗವನ್ನು ಅವರ ಎಡಗೈಯಲ್ಲಿಟ್ಟೆ. ಬೆರಳುಗಳು ಮಡಚಲೊಲ್ಲವು. ಆತ ಬಿಳಿ ಬಟ್ಟೆಯ ಪಟ್ಟಿ ತಂದ. ನಾನು ಬೆರಳುಗಳನ್ನು ಒತ್ತಿ ಹಿಡಿದೆ, ಆತ ಸುತ್ತಿದ. ನಿಮಗೆ ನೆನಪಿಗೆ ಏನೂ ಬೇಡವೇ ಎಂದು ಮೆಲ್ಲಗೆ ಕೇಳಿದ.

ಬೇಕಿತ್ತು ಎಂದು ಹೇಳಿ ಪಟ್ಟಿಗೆ ಗಂಟು ಹಾಕಿದೆ.