ಪಂಪಿಗೆ ಕುಂಕುಮ ಇಟ್ಟ ವರ್ಷ

ಕುಂಕುಮವನ್ನು ಲ್ಯಾಬಿನ ಪಂಪಿಗೆ ಇಟ್ಟರೋ, ಅದಕ್ಕೆ ಜೋಡಿಸಿದ ಗಾಜಿನ ಚಿಪ್‌ನ ಮೇಲೇ ಇಟ್ಟರೋ, ನನಗೆ ಖಚಿತವಿಲ್ಲ. ಚಿಪ್‌ನ ಮೇಲೆ ಕೆಂಪು ಬೊಟ್ಟು ಕಂಡ ನೆನಪಿದೆ. ಆದರೆ ತಪ್ಪು ಹೊರಿಸಲು ಅದು ಅಲ್ಲೇ ಇರಲಿ ಎಂದು ಒಳಗೊಳಗೇ ಆಸೆಪಟ್ಟವನೂ ನಾನೇ.

ರಾಬರ್ಟ್‌ಸನ್‌ಪೇಟೆಯ ಕಾಲೇಜೊಂದರ ಲ್ಯಾಬಿನಲ್ಲಿ ಆಗ ನಾನು ಸಂಶೋಧನಾ ಸಹಾಯಕ. ಬಂಗಾರಪೇಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳು, ಚಿನ್ನದ ಗಣಿಯ ತ್ಯಾಜ್ಯ ಸುರಿದು ಬೆಳೆದ ಸೈನೈಡ್ ಗುಡ್ಡದ ಬುಡದ ಕೆಸರಿನಲ್ಲಿ ಒಟ್ಟಿಗೆ ಸಂಸಾರ ಮಾಡುವ ಸೂಕ್ಷ್ಮಜೀವಿಗಳು ಯಾವ ಯಾವ ಪ್ರೋಟೀನು ತಯಾರಿಸುತ್ತವೆಂದು ಹುಡುಕುತ್ತಿದ್ದಳು. ಕೆಸರಿನಿಂದ ಅವುಗಳನ್ನು ಬೇರ್ಪಡಿಸಿ, ಗಾಜಿನ ಚಿಪ್‌ನೊಳಗಿನ ಕೂದಲೆಳೆಯಂಥ ಕಾಲುವೆಗಳಿಗೆ ಪಂಪಿನಿಂದ ನಿಧಾನವಾಗಿ ತಳ್ಳಬೇಕು. ಅಲ್ಲೇ ಜೀವಕೋಶ ಒಡೆದು, ಪ್ರೋಟೀನು ತುಂಡಾಗುತ್ತದೆ. ಆ ಹನಿ ವಿಶ್ಲೇಷಣೆಗೆ ಬೆಂಗಳೂರಿಗೆ ಹೋಗುತ್ತದೆ. ಗುಡ್ಡದ ಮಣ್ಣು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಕಾಲುವೆ ದಿನಾ ಕಟ್ಟಿಕೊಳ್ಳುತ್ತಿತ್ತು. ಚರಂಡಿ ಬಿಡಿಸುವ ಕೆಲಸವನ್ನೇ ನಾವು ಬಿಳಿ ಕೋಟು ಹಾಕಿಕೊಂಡು ಮಾಡುತ್ತಿದ್ದೆವು.

ಅವಳ ಅವಧಿ ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ಚಿಪ್. ಅದು ಕೈಕೊಟ್ಟರೆ ಪಿಎಚ್‌ಡಿ ಇಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು.

ಲ್ಯಾಬಿನ ಮುಖ್ಯಸ್ಥರಾದ ನಮ್ಮ ಮೇಷ್ಟ್ರು ವಿಚಾರವಾದಿ. ಮೂಢನಂಬಿಕೆಯ ವಿರುದ್ಧ ಸೊಗಸಾಗಿ ಭಾಷಣ ಮಾಡುತ್ತಿದ್ದರು. ಬಾಗಿಲಿಗೆ ಬಾಳೆಕಂದು ಕಟ್ಟಿಸಿ, ಬೂದುಗುಂಬಳ ಒಡೆಸಿ, ಇದು ಸಂಸ್ಕೃತಿ ಎಂದರು. ಅಟೆಂಡರ್ ಕುಂಕುಮದ ಬಟ್ಟಲು ಹಿಡಿದು ಪಂಪಿನ ಹತ್ತಿರ ಬಂದಾಗ ನಾನು ಅಡ್ಡ ನಿಂತೆ.

“ಬಸ್ಸಿಗೆ ಇಕ್ತಾರೆ, ತಕ್ಕಡಿಗೆ ಇಕ್ತಾರೆ. ಇದೇನ್ ಪಾಪ ಮಾಡೈತೆ ಸಾರ್?”

“ರಿಸಲ್ಟ್ ಕೆಡುತ್ತೆ ಕಣಯ್ಯ.”

“ಇಕ್ದೇ ಇದ್ದಾಗ ಬಾಳ ಚೆನ್ನಾಗಿತ್ತಾ?”

ವಿದ್ಯಾರ್ಥಿನಿ ತಲೆಯೆತ್ತದೆ ಹೇಳಿದಳು: “ಇಕ್ಲಿ ಬುಡಣ್ಣ. ಇಷ್ಟ್ ದಿನ ನಿನ್ ಮಾತ್ ಕೇಳಿ ಏನ್ ಉದ್ಧಾರ ಆಗೈತೆ?”

ನಾನು ಪಕ್ಕಕ್ಕೆ ಸರಿದೆ. ಹಬ್ಬ ಮುಗಿದ ಮೇಲೆ ಮಾದರಿ ಓಡಿಸಿದೆವು. ಕಾಲುವೆ ಕಟ್ಟಲಿಲ್ಲ. ಅಟೆಂಡರ್ ನನ್ನ ಮುಖ ನೋಡಿ, ಕುಂಕುಮದ ಬಟ್ಟಲನ್ನು ಒರೆಸಿ ಇಟ್ಟ.

ಬೆಂಗಳೂರಿನಿಂದ ಫಲಿತಾಂಶ ಬಂದಾಗ ಎಲ್ಲಕ್ಕಿಂತ ಮೇಲೆ ಇದ್ದದ್ದು ಮನುಷ್ಯನ ಚರ್ಮದ ಪ್ರೋಟೀನು. ಸೈನೈಡ್ ಗುಡ್ಡದಲ್ಲಿ ನಾವು ಕಂಡುಹಿಡಿದ ಪ್ರಮುಖ ಜೀವಿ, ನಾವೇ. ಬೊಟ್ಟಿಟ್ಟ ಬೆರಳಿನದು ಎಂದು ನಾನು ತಕ್ಷಣ ತೀರ್ಪು ಕೊಟ್ಟೆ. ಪ್ರಸಾದವನ್ನು ಎರಡು ಸಲ ಕೇಳಿ ತಿಂದಿದ್ದ ಮೇಷ್ಟ್ರು, ಲ್ಯಾಬಿನೊಳಗೆ ಪೂಜೆಯೇ ನಡೆದಿಲ್ಲ ಎಂದರು.

“ನಿಮ್ ಜಗಳ ಆಮೇಲೆ ಆಡ್ಕೊಳಿ ಸಾರ್,” ಎಂದಳು ಅವಳು. “ನನ್ ಕೆಲ್ಸ ಉಳೀತಾ, ಇಲ್ವಾ, ಅದೇಳಿ.”

ನಾನು ಎದ್ದು ಫ್ರೀಜರಿನ ಬಾಗಿಲು ತೆಗೆದೆ.

ಪೂಜೆಯ ಬಗ್ಗೆ ನಮ್ಮ ನೆನಪುಗಳು ಇಂದಿಗೂ ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಹಬ್ಬಕ್ಕೆ ಮೊದಲೇ, ಕೆಸರು ಹಾಕದೆ ಬರೀ ದ್ರಾವಣವನ್ನು ಅದೇ ಚಿಪ್‌ನಲ್ಲಿ ಓಡಿಸಿ, ಆ ಹನಿಯನ್ನು ಫ್ರೀಜರಿನಲ್ಲಿ ಇಟ್ಟಿದ್ದೆವು. ಅದನ್ನೂ ಬೆಂಗಳೂರಿಗೆ ಕಳಿಸಿದೆ. ಅದರಲ್ಲೂ ಅದೇ ಚರ್ಮ, ಹೆಚ್ಚುಕಡಿಮೆ ಅಷ್ಟೇ ಇತ್ತು; ಅಂದರೆ ಅದು ಬೊಟ್ಟಿಗೂ ಮೊದಲೇ ಬಂದದ್ದು. ಅದನ್ನು ಲೆಕ್ಕದಿಂದ ಕಳೆದ ಮೇಲೆ ಉಳಿದ ಪ್ರೋಟೀನೆಲ್ಲ ಕೆಸರಿನ ಜೀವಿಗಳದ್ದೇ. ಅವಳ ಪಿಎಚ್‌ಡಿಗೆ ಅಷ್ಟು ಸಾಕಾಯಿತು.