ಸಾಣೆ ಶಮಶುದ್ದೀನನ ಚೌಕ ತೂತಿನ ಕಲ್ಲು

ದೇವರ ಹಿಪ್ಪರಗಿ ಸಂತೆಯಲ್ಲಿ ನನ್ನ ಸೈಕಲ್ ಅಂಗಡಿಯ ಮಗ್ಗುಲಿಗೇ ಸಾಣೆ ಶಮಶುದ್ದೀನ ತನ್ನ ಯಂತ್ರ ಹೂಡುತ್ತಿದ್ದ. ಎಂಥ ದಿನಗಳವು! ಅವನು ಪೆಡಲು ತುಳಿದರೆ ಕಿಡಿ ಹಾರಿ, ಕುಡುಗೋಲು ತಂದ ಹೆಂಗಸರು ಹಿಂದೆ ಸರಿಯುವರು. 'ಹೆದರಬ್ಯಾಡ್ರಿ ಯಕ್ಕಾ, ಕಿಡಿ ಪುಕ್ಕಟೆ' ಎಂದು ನಗುವನು. ಆ ಕರಕರ ಸದ್ದಿಗೆ ನನ್ನ ತಲೆ ಕೆಟ್ಟು, ದಿನವಿಡೀ ಅವನನ್ನು ಬೈಯುತ್ತಿದ್ದೆ. ಸದ್ದು ನಿಂತ ವರ್ಷ ಮಾತ್ರ ಸಂತೆಯೇ ಬೋಳಾಗಿ ಕಂಡಿತು.

ನಿಂತದ್ದು ಯಾಕೆಂದರೆ, ತಿರುಗುತ್ತಿದ್ದ ಸಾಣೆಕಲ್ಲು ಸಿಡಿದು ಅವನ ಹುಬ್ಬಿಗೆ ಬಡಿಯಿತು. ಗಾಯವೇನೋ ಮಾಯಿತು. ಆದರೆ ಅವನ ಯಂತ್ರದಲ್ಲಿ ಕಲ್ಲು ಕೂರುವ ಅಚ್ಚು ಚೌಕ. ಈಗ ಅಂಗಡಿಗಳಲ್ಲಿ ಸಿಗುವ ಕಲ್ಲುಗಳ ತೂತೆಲ್ಲ ದುಂಡು.

'ಬ್ಯಾರೆ ಯಂತ್ರ ತಗೋಳೋ ಮಾರಾಯಾ' ಅಂದೆ.

'ಅಪ್ಪ ಕೈಯಾರೆ ಮಾಡಿದ್ದು, ಸಂಗಣ್ಣ. ಹೆಂಗ ಬಿಡ್ಲಿ?'

ಹಟಮಾರಿ! ಸಿಂದಗಿಯ ತನ್ನ ಮನೆಯಲ್ಲಿ ಕೂತು ಕೂತು ಸೊರಗಿದ. ಸಂತೆಯ ದಿನವಂತೂ ಊಟವೇ ಸೇರುತ್ತಿರಲಿಲ್ಲ.

ಅವನ ಮಗಳು ಸಿದ್ದೀಕಾ ವಿಜಯಪುರದ ಒಂದು ಕಾರ್ಖಾನೆಯಲ್ಲಿದ್ದಳು. ಅಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಕರಿ ಪುಡಿಯಿಂದ ಪಂಪಿನ ಉಂಗುರಗಳನ್ನು ಮುದ್ರಿಸುತ್ತಾರೆ. ಪುಡಿಯನ್ನು ತೆಳ್ಳಗೆ ಹಾಸಿ, ಬೇಕಾದಲ್ಲಿ ಮಾತ್ರ ಯಂತ್ರ ಅಂಟು ಹನಿಸುತ್ತದೆ. ಅದರ ಮೇಲೆ ಮತ್ತೊಂದು ಪದರ, ಮಗದೊಂದು. ಆಮೇಲೆ ಕುಲುಮೆಯಲ್ಲಿ ಸುಟ್ಟರೆ ಗಟ್ಟಿ. ಅಪ್ಪನ ಕರಿ ಸಾಣೆಕಲ್ಲೂ ಅದೇ ಪುಡಿಯದು. ಸಾಹೇಬರನ್ನು ಕೇಳಿ, ಚೌಕ ತೂತಿನ ಕಲ್ಲೊಂದನ್ನು ಮುದ್ರಿಸಿ ತಂದಳು.

ಅವತ್ತು ನಾನೂ ಅವರ ಮನೆಗೆ ಹೋಗಿದ್ದೆ. ಸಾಣೆಯವರು ಬಡಿದು ನೋಡದೆ ಕಲ್ಲು ಏರಿಸುವುದಿಲ್ಲ. ದಾರದಲ್ಲಿ ತೂಗುಹಾಕಿ ಕಟ್ಟಿಗೆ ಹಿಡಿಯಿಂದ ಬಡಿದಾಗ ಟಣ್ ಎಂದರೆ ಕಲ್ಲು ಗಟ್ಟಿ. ಧಬ್ ಎಂದರೆ ಒಳಗೆ ಬಿರುಕು, ತಿರುಗುವಾಗ ಸಿಡಿಯುತ್ತದೆ. ಶಮಶುದ್ದೀನ ಬಡಿದ. ಮುಖವೆಲ್ಲ ಅರಳಿತು.

'ಕೇಳಿದ್ಯಾ? ಟಣ್ ಅಂತು! ಈ ಸಂತಿಗೆ ಹೋಗೂದ!'

ಆದರೆ ನನಗೆ ಕೇಳಿದ್ದು ಧಬ್. ಸಿದ್ದೀಕಾ ನನ್ನನ್ನು ನೋಡಿದಳು. ಅವಳಿಗೂ ಅದೇ ಕೇಳಿತ್ತು. ಇವನು ಕೇಳಿದ್ದು ತನ್ನ ನೆನಪಿನ ಸದ್ದನ್ನು. ಅಯ್ಯೋ, ಈ ಖುಷಿ ಕೆಡಿಸೋದು ಹೇಗೆ ಅಂದುಕೊಂಡೆ.

'ಇಲ್ಲ ಅಬ್ಬಾ, ಅದು ಧಬ್ ಅಂತು' ಎಂದಳು ಮಗಳು, ಅಪ್ಪನಿಗೆ.

'ಏ, ನಿನಗೇನ ತಿಳೀತೈತಿ?' ಮತ್ತೆ ಬಡಿದ. 'ಟಣ್ ಅನ್ನಾಕತ್ತೈತಲ್ಲ! ಸಂಗಣ್ಣ, ನೀ ಹೇಳು.'

'ಧಬ್ ಅಂತೋ ಶಮಶ್ಯಾ' ಎಂದೆ.

ಅವನು ಹೊರಸಿನ ಮೇಲೆ ಕುಸಿದ. ಬೆರಳು ತಾನಾಗಿ ಹುಬ್ಬಿಗೆ ಹೋಯಿತು. 'ಹಿಂದಿನ ಕಲ್ಲೂ ನನಗ ಟಣ್ ಅಂತನ ಅಂದಿತ್ತು' ಎಂದ.

ಸಿದ್ದೀಕಾ ಕಲ್ಲನ್ನು ಬೆಳಕಿಗೆ ಹಿಡಿದು, 'ತೂತಿನ ಮೂಲ್ಯಾಗ ಸೀಳೈತಿ. ಮೂಲಿ ಸ್ವಲ್ಪ ದುಂಡ ಮಾಡಿ ಮತ್ತೊಂದು ತರ್ತೇನಿ' ಎಂದಳು.

'ತಂದು ಏನ ಮಾಡ್ಲಿ? ಕಿವಿ ಇಲ್ದಾಂವ ಸಾಣಿ ಹಿಡೀತಾನೇನ?' ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ಅವಳು ಕೇಳಲಿಲ್ಲ; ಅಪ್ಪನಷ್ಟೇ ಹಟ. ಎರಡನೆಯ ಕಲ್ಲು ತಂದು ತೂಗುಹಾಕಿ, ತಾನೇ ಬಡಿದಳು. ಅವನು ಕಲ್ಲಿನ ಕಡೆ ತಿರುಗಿಯೂ ನೋಡದೆ, ಮಗಳ ಮುಖವನ್ನೇ ನೋಡುತ್ತ ನಿಂತ. ಅವಳು ನಕ್ಕಳು.

'ಖರೇನ?' ಎಂದ.

'ಖರೇ, ಅಬ್ಬಾ.'

ಅವನು ಪೆಟ್ಟಿಗೆಯಿಂದ ನಟ್ಟು ಬಿಗಿಯುವ ಪಾನಾ ತೆಗೆದು ಅವಳ ಕೈಗಿಟ್ಟ. 'ಹಂಗಾದ್ರ ನೀನ ಏರಿಸು' ಎಂದ.