ನನ್ನ ಖುರ್ಚಿಯ ಕಾಯಂ ವಿಳಾಸ

ನರೇಗಲ್ಲಿನಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವುದು ನನ್ನ ಕಸುಬು. ಹಳೆಯ ಕಂಪ್ಯೂಟರೊಂದಕ್ಕೆ ಪುಕ್ಕಟೆ ಸಿಗುವ ಓಪನ್ ಸೋರ್ಸ್ ವ್ಯವಸ್ಥೆ ಹಾಕಿ, ಅಷ್ಟೂ ಮನೆಗಳನ್ನು ಅದರ ಮೂಲಕವೇ ಹೊರಗಿನ ಇಂಟರ್ನೆಟ್ಟಿಗೆ ಕಳಿಸುತ್ತೇನೆ. ಹೊರಗೆ ಹೋದವರನ್ನು ವೆಬ್‌ಸೈಟುಗಳು ಗುರುತಿಸುವ ನಂಬರಿಗೆ ಐಪಿ ವಿಳಾಸ ಎನ್ನುತ್ತಾರೆ; ನನ್ನ ಬಳಿ ಇದ್ದದ್ದು ಅಂಥವು ಎಂಟೇ. ತುಂಬಿದ ಮನೆಯಲ್ಲಿ ಎಂಟೇ ಕೊಡೆ ಇದ್ದಂತೆ. ಹೊರಗೆ ಹೋಗುವವರು ಒಂದನ್ನು ಎತ್ತಿಕೊಳ್ಳಬೇಕು.

ಯಾರಿಗೂ ಅನ್ಯಾಯವಾಗಬಾರದೆಂದು ಪಾಳಿ ಹಚ್ಚಿದ್ದೆ: ಪ್ರತಿ ಸಲ ಹೊರಗೆ ಹೋದಾಗಲೂ ಮುಂದಿನ ವಿಳಾಸ. ಈ ನ್ಯಾಯದ ಬಗ್ಗೆ ಸಣ್ಣ ಜಂಬವೂ ಇತ್ತು. "ಫಾರ್ಮ್ ತುಂಬೂದ್ರಾಗ ವೆಬ್‌ಸೈಟ್ ಹೊರಗ ಹಾಕತೈತ್ರಿ" ಎಂದು ಯಾರಾದರೂ ಬಂದರೆ, "ನಿಮ್ಮ ಮೊಬೈಲ್ ಹಳೇದಾಗೇತ್ರಿ" ಎಂದು ಸಾಗಹಾಕುತ್ತಿದ್ದೆ. ನನ್ನ ಅಂಗಡಿಯ ಮೇಜಿನ ಕಂಪ್ಯೂಟರಿನಲ್ಲಂತೂ ಎಂದೂ ಹಾಗಾಗಿರಲಿಲ್ಲ.

ಹೆಂಡತಿ ಕೊಣ್ಣೂರಿನ ಸೇತುವೆಯಾಚೆ ಶಿಕ್ಷಕಿ. ದಿನಾ ಮೂರು ಬಸ್ಸು. ಸೇತುವೆ ಮುಳುಗಿದರೆ ಆಚೆಯೇ ಯಾರದೋ ಮನೆಯಲ್ಲಿ ವಸ್ತಿ. ಈ ವರ್ಷ ನಮ್ಮೂರ ಶಾಲೆಯಲ್ಲೇ ಒಂದು ಜಾಗ ಖಾಲಿಯಾಯಿತು. ವರ್ಗಾವಣೆಗೆ ಅದನ್ನು ಆನ್‌ಲೈನಿನಲ್ಲಿ ಆರಿಸಬೇಕು; ಕೊನೆಯ ದಿನ ಮಧ್ಯಾಹ್ನ ಎರಡರವರೆಗೆ ಸಮಯ.

ಆ ದಿನ ಒಂದೂವರೆಗೆ ಅವಳು ಮನೆಯಿಂದ ಅಂಗಡಿಗೆ ಓಡಿ ಬಂದಳು. ದೂರು ತಂದವರು ಆಗಲೇ ನಾಲ್ಕೈದು ಮಂದಿ ನಿಂತಿದ್ದರು.

"ಆರ್ ಸಲ ಒಳಗ ಹೋದೆ, ಆರೂ ಸಲ ಹೊರಗ ಹಾಕ್ತು. ಏಳ್ರಿ ಲಗೂ!" ಎಂದು ನನ್ನನ್ನು ಎಬ್ಬಿಸಿದಳು.

ನನ್ನ ಖುರ್ಚಿಯಲ್ಲಿ ಕುಳಿತಳು. ಒಂದೇ ಸಲಕ್ಕೆ ಆಯಿತು. ಆಮೇಲೆ ನನ್ನ ಕಡೆ ತಿರುಗಿದಳು.

"ಇಲ್ಲಿ ಹ್ಯಾಂಗ ಆತ್ರಿ?"

ಹೇಳಲೇಬೇಕಾಯಿತು. ಎಂಟರಲ್ಲಿ ಒಂದನ್ನು ಮೊದಲ ದಿನವೇ ನನ್ನ ಮೇಜಿಗೆ ಕಾಯಂ ಮಾಡಿಕೊಂಡಿದ್ದೆ. ಒಂದು ವಿಳಾಸದಿಂದ ಒಳಬಂದವರು ಮರುಕ್ಷಣ ಇನ್ನೊಂದರಿಂದ ಮಾತಾಡಿದರೆ, ಯಾರೋ ಕಳ್ಳರೆಂದು ವೆಬ್‌ಸೈಟು ಹೊರಗೆ ಹಾಕುತ್ತದೆ. ನನ್ನ ಪಾಳಿಯೇ ಊರನ್ನು ಕಾಡಿತ್ತು. ಪಾಳಿಯಿಂದ ಹೊರಗಿದ್ದವನು ನಾನೊಬ್ಬನೇ, ಹಾಗಾಗಿ ಗೊತ್ತೇ ಆಗಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಹೆಂಡತಿ ನಿಂತವರಿಗೆ ಹೇಳಿದಳು: "ನಿಮ್ಮ ಮೊಬೈಲ್ ಎಲ್ಲಾ ಚಲೋ ಅದಾವ್ರಿ. ಬರ್ರಿ, ಇವರ ಖುರ್ಚಿಗೆ ಪಾಳಿ ಹಚ್ರಿ."

ಹಚ್ಚಿಯೇ ಬಿಟ್ಟರು. ಒಂದು ಮನೆಗೆ ಒಂದೇ ವಿಳಾಸ ಅಂಟಿಕೊಂಡಿರಲಿ ಎಂದು ನಿಯಮಕ್ಕೆ ಒಂದೇ ಒಂದು ಪದ ಸೇರಿಸಿದರೆ ಸಾಕಿತ್ತು. ಆದರೆ ಅದನ್ನು ಸೇರಿಸಲು ಆ ಖುರ್ಚಿಯೇ ಬೇಕು. ನನ್ನ ಪಾಳಿ ಬಂದಾಗ ಸಂಜೆ ಐದು. ಆ ಪದ ಸೇರಿಸಿದೆ, ನನ್ನ ಕಾಯಂ ವಿಳಾಸವನ್ನೂ ಅಳಿಸಿದೆ. ಹೆಂಡತಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು.

ಆ ಜಾಗ ಅವಳಿಗೇ ಸಿಕ್ಕಿತು. ಈಗ ಶಾಲೆಗೆ ನಡೆದೇ ಹೋಗುತ್ತಾಳೆ. ದಾರಿಯಲ್ಲಿ ಅಂಗಡಿಯೊಳಗೆ ಇಣುಕಿ, ಗಿರಾಕಿಗಳ ಎದುರಿಗೇ ಕೇಳುತ್ತಾಳೆ:

"ಇವತ್ತ ಯಾರ ಮೊಬೈಲ್ ಹಳೇದಾತ್ರಿ?"